ದಾರಿ ಹಕ್ಕೋ, ಮೆಹರಬಾನಿಯೋ?

‘ಸಹಕಾರ’ ಎಂಬ ಶಬ್ದವನ್ನು ಯಾರೂ ವಿರೋಧಿಸುವುದಿಲ್ಲ. ಊರಿನ ಜನ, ಜಮೀನಿನ ಒಡೆಯರು, ಉದ್ಯಾನದ ಅಧಿಕಾರಿಗಳು ಎಲ್ಲರೂ ಒಂದೆಡೆ ಕುಳಿತು ಮಾತಾಡಿಕೊಂಡರೆ ಮುಚ್ಚಿದ ದಾರಿಗಳು ತೆರೆದುಕೊಳ್ಳುತ್ತವೆ ಎಂಬ ಮಾತು ಕೇಳಲು ಹಿತವಾಗಿಯೇ ಇದೆ. ಆದರೆ ಆ ಬೈಠಕ್ಕಿನಲ್ಲಿ ಒಬ್ಬನ ಸೊಂಟದಲ್ಲಿ ಗೇಟಿನ ಬೀಗದ ಕೈ ನೇತಾಡುತ್ತಿದ್ದು, ಇನ್ನೊಬ್ಬ ಕೈಮುಗಿದು ನಿಂತಿದ್ದರೆ ಅದನ್ನು ಸಹಕಾರ ಎಂದು ಕರೆಯುವುದು ಹೇಗೆ?

ಇಂಗ್ಲೆಂಡಿನ ಕುದುರೆ ಸವಾರರು ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಈ ಪ್ರಶ್ನೆಯನ್ನು ಎದುರಿಸುತ್ತಿದ್ದಾರೆ. ಕುದುರೆ ಸವಾರಿ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ರೇಸ್‌ಕೋರ್ಸು, ಪೋಲೋ ಮೈದಾನ, ರಾಜಮಹಾರಾಜರು. ಅವರ ದಾರಿಯ ಚಿಂತೆ ನಮಗೇಕೆ ಎಂದು ಓದುಗರು ಕೇಳಬಹುದು. ಮೈಸೂರು, ಬೆಂಗಳೂರುಗಳ ಜಟಕಾ ಸಾಬರಿಗೆ ಕುದುರೆ ಅನ್ನದ ಬಟ್ಟಲಾಗಿತ್ತು ಎಂಬುದನ್ನು ನೆನಪಿಸಿಕೊಂಡರೆ ಈ ಪ್ರಶ್ನೆಯ ಮೊನೆ ಸ್ವಲ್ಪ ಮೊಂಡಾಗುತ್ತದೆ. ಇಂಗ್ಲೆಂಡಿನಲ್ಲೂ ಅಷ್ಟೇ. ನೂರಾರು ಎಕರೆಯ ಎಸ್ಟೇಟಿನ ಒಡೆಯನಿಗೆ ಸಾರ್ವಜನಿಕ ದಾರಿ ಬೇಕಾಗಿಲ್ಲ. ಅವನ ಕುದುರೆ ಅವನ ಹುಲ್ಲುಗಾವಲಿನಲ್ಲೇ ಬೆವರುವಷ್ಟು ಓಡಬಲ್ಲದು. ಯಾರದೋ ಹೊಲದ ಮೂಲೆಯನ್ನು ಬಾಡಿಗೆಗೆ ಹಿಡಿದು ಒಂದು ಕುದುರೆ ಸಾಕಿಕೊಂಡ ಶಾಲಾ ಮಾಸ್ತರಳಿಗೆ, ನರ್ಸಿಗೆ, ಸವಾರಿ ಕಲಿಯಲು ಬರುವ ಪಟ್ಟಣದ ಹುಡುಗನಿಗೆ ಬೇಕಾಗಿರುವುದು ಅದು. ಅಲ್ಲಿನ ಸವಾರರಲ್ಲಿ ಹೆಚ್ಚಿನವರು ಹೆಂಗಸರು ಎಂಬುದನ್ನೂ ಇಲ್ಲಿ ಗಮನಿಸಬೇಕು. ದಾರಿ ಮುಚ್ಚಿದಷ್ಟೂ ಕುದುರೆ ಶ್ರೀಮಂತರ ಸೊತ್ತಾಗುತ್ತದೆ. ಹೀಗಿರುವಾಗ ಸವಾರಿ ಶ್ರೀಮಂತರ ಶೋಕಿ ಎಂದು ಹೇಳಿ ದಾರಿಯನ್ನು ನಿರಾಕರಿಸುವುದು ಊಟ ಕಿತ್ತುಕೊಂಡು ಇವನಿಗೆ ಹಸಿವಿಲ್ಲ ಎಂದಂತೆ.

ಮೊದಲು ಅಲ್ಲಿನ ವ್ಯವಸ್ಥೆಯನ್ನು ಅರ್ಥಮಾಡಿಕೊಳ್ಳೋಣ. ಇಂಗ್ಲೆಂಡಿನಲ್ಲಿ ಖಾಸಗಿ ಜಮೀನಿನ ನಡುವೆ ಹಾದುಹೋಗುವ ಸಾರ್ವಜನಿಕ ದಾರಿಗಳಿವೆ. ನೆಲ ಒಡೆಯನದು, ದಾರಿಯಲ್ಲಿ ಹೋಗುವ ಹಕ್ಕು ಎಲ್ಲರದು. ಕೆಲವು ಕೇವಲ ಕಾಲುದಾರಿಗಳು. ಕೆಲವು ‘ಬ್ರೈಡಲ್‌ವೇ’ಗಳು. ಬ್ರೈಡಲ್ ಎಂದರೆ ಕಡಿವಾಣ. ಕುದುರೆಯನ್ನು ಏರಿಕೊಂಡೋ, ಕಡಿವಾಣ ಹಿಡಿದು ನಡೆಸಿಕೊಂಡೋ ಹೋಗುವ ಹಕ್ಕಿರುವ ದಾರಿ ಅದು. ನಾವು ಅದನ್ನು ಕುದುರೆದಾರಿ ಎನ್ನೋಣ. 1968ರ ಕಾನೂನಿನ ನಂತರ ಸೈಕಲ್ಲಿನವರೂ ಅದರಲ್ಲಿ ಹೋಗಬಹುದು. ಆದರೆ ನಡೆಯುವವರಿಗೂ ಕುದುರೆಗಳಿಗೂ ಅವರು ದಾರಿ ಬಿಡಬೇಕು.

ಇಂಥ ಹಕ್ಕಿನ ದಾರಿಗಳ ಒಟ್ಟು ಉದ್ದ ಇಂಗ್ಲೆಂಡಿನಲ್ಲಿ ಸುಮಾರು 1,88,000 ಕಿಲೋಮೀಟರು. ನಡೆಯುವವರಿಗೆ ಇದೆಲ್ಲವೂ ತೆರೆದಿದೆ. ಕುದುರೆ ಸವಾರರಿಗೆ ತೆರೆದಿರುವುದು ಇದರಲ್ಲಿ ಶೇಕಡಾ 22ರಷ್ಟು ಮಾತ್ರ. ಅದೂ ತುಂಡು ತುಂಡಾಗಿ. ಒಂದು ಊರಿನ ಸರಹದ್ದಿನವರೆಗೆ ಕುದುರೆದಾರಿಯಾಗಿ ಬಂದದ್ದು ಸರಹದ್ದು ದಾಟಿದೊಡನೆ ಕಾಲುದಾರಿಯಾಗಿಬಿಡುತ್ತದೆ. ಸವಾರಳು ಅಲ್ಲಿಂದ ಹಿಂದಿರುಗಬೇಕು, ಇಲ್ಲವೇ ಲಾರಿಗಳು ಓಡುವ ಡಾಂಬರು ರಸ್ತೆಗೆ ಇಳಿಯಬೇಕು. ಆ ರಸ್ತೆಗಳಲ್ಲಿ ಪ್ರತಿ ವರ್ಷ ಹತ್ತಾರು ಕುದುರೆಗಳು ವಾಹನಗಳಿಗೆ ಸಿಕ್ಕಿ ಸಾಯುತ್ತವೆ. ಕುದುರೆಯನ್ನು ದಾಟುವಾಗ ಗಂಟೆಗೆ 10 ಮೈಲಿಗಿಂತ ವೇಗವಾಗಿ ಹೋಗಬೇಡಿ, ಕನಿಷ್ಠ ಎರಡು ಮೀಟರ್ ಅಂತರ ಬಿಡಿ ಎಂದು 2022ರಲ್ಲಿ ಅಲ್ಲಿನ ಹೆದ್ದಾರಿ ನಿಯಮಾವಳಿಯಲ್ಲಿ ಬರೆದರು. ಒಳ್ಳೆಯ ನಿಯಮವೇ. ಆದರೆ ಲಾರಿಯ ಚಾಲಕನಿಗೆ ಬುದ್ಧಿ ಹೇಳುವುದಕ್ಕಿಂತ ಕುದುರೆಗೆ ಅದರ ಹಳೆಯ ದಾರಿಯನ್ನು ಮರಳಿ ಕೊಡುವುದು ಸುಲಭವಲ್ಲವೇ?

ಹಳೆಯ ದಾರಿ ಎಂದು ಸುಮ್ಮನೆ ಹೇಳುತ್ತಿಲ್ಲ. ರೈಲು ಬರುವ ಮುಂಚೆ ಉತ್ತರ ಇಂಗ್ಲೆಂಡಿನ ಬೆಟ್ಟಗಳಲ್ಲಿ ಉಪ್ಪು, ಉಣ್ಣೆ, ಬಟ್ಟೆ, ಸುಣ್ಣ ಎಲ್ಲವೂ ಹೇರು ಕುದುರೆಗಳ ಬೆನ್ನ ಮೇಲೆ ಸಾಗುತ್ತಿದ್ದವು. ಆ ಸಾಲು ಕುದುರೆಗಳ ಗೊರಸುಗಳೇ ದಾರಿ ಮಾಡಿದ್ದು. ಅವು ಕಾಲುದಾರಿಗಳಾದದ್ದು ಯಾವಾಗ? ಬಹುಪಾಲು ಕಾಗದದ ಮೇಲೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದ ಲೇಬರ್ ಸರಕಾರ 1949ರಲ್ಲಿ ಒಂದು ದೊಡ್ಡ ಕಾನೂನು ಮಾಡಿತು. ರಾಷ್ಟ್ರೀಯ ಉದ್ಯಾನಗಳು ಹುಟ್ಟಿದ್ದು ಆ ಕಾನೂನಿನಿಂದ. ಪ್ರತಿ ಜಿಲ್ಲೆಯೂ ತನ್ನ ಸಾರ್ವಜನಿಕ ದಾರಿಗಳ ಅಧಿಕೃತ ನಕಾಶೆ ಮಾಡಬೇಕೆಂದು ಹೇಳಿದ್ದೂ ಅದೇ ಕಾನೂನು. ನಕಾಶೆಯಲ್ಲಿ ಗೆರೆ ಬಿದ್ದರೆ ಹಕ್ಕಿಗೆ ಅದೇ ಸಾಕ್ಷಿ. ದಾರಿಗಳನ್ನು ನಡೆದು ನೋಡಿ ಪಟ್ಟಿ ಮಾಡುವ ಕೆಲಸ ನಮ್ಮ ಗ್ರಾಮ ಪಂಚಾಯತಿಗಳನ್ನು ಹೋಲುವ ಪ್ಯಾರಿಷ್ ಕೌನ್ಸಿಲುಗಳ ಪಾಲಿಗೆ ಬಂತು. ಹೊಲಗಳಿಗೆ ಟ್ರ್ಯಾಕ್ಟರು ಬಂದು ಕುದುರೆಗಳು ಮರೆಯಾಗುತ್ತಿದ್ದ ಕಾಲ ಅದು. ಕುದುರೆದಾರಿ ಎಂದು ಬರೆದರೆ ಅಗಲವಾಗಿ ಇಟ್ಟುಕೊಳ್ಳಬೇಕು, ರಿಪೇರಿಯ ಖರ್ಚು ಜಾಸ್ತಿ. ಕಾಲುದಾರಿ ಎಂದು ಬರೆದರೆ ಎಲ್ಲರಿಗೂ ನಿರಾಳ. ಕೆಲವು ಕಡೆ ದಾರಿ ಯಾರ ಹೊಲದಲ್ಲಿ ಹಾದುಹೋಗುತ್ತಿತ್ತೋ ಅವನೇ ಊರಿನ ಪ್ರಮುಖ. ಹೀಗೆ ಎಷ್ಟೋ ಕುದುರೆದಾರಿಗಳು ಕಾಲುದಾರಿಗಳಾದವು, ಎಷ್ಟೋ ದಾರಿಗಳು ನಕಾಶೆಗೇ ಬರಲಿಲ್ಲ. ಯಾರೂ ಬೇಲಿ ಹಾಕಲಿಲ್ಲ, ಯಾರೂ ದೊಣ್ಣೆ ಹಿಡಿದು ಬರಲಿಲ್ಲ. ಪೆನ್ನು ಹಿಡಿದವನು ಒಂದು ಗೆರೆ ಎಳೆಯದೆ ಬಿಟ್ಟ, ಅಷ್ಟೆ.

ಇಲ್ಲಿ ನಮ್ಮ ಓದುಗರಿಗೆ ಒಂದು ಮಾತು ಸ್ಪಷ್ಟಪಡಿಸಬೇಕು. ರಾಷ್ಟ್ರೀಯ ಉದ್ಯಾನ ಎಂದರೆ ಬಂಡೀಪುರ, ನಾಗರಹೊಳೆಗಳಂತೆ ಜನರನ್ನು ಹೊರಗಿಟ್ಟ ಸರಕಾರಿ ಕಾಡು ಎಂದು ನಾವು ತಿಳಿದಿದ್ದೇವೆ. ಇಂಗ್ಲೆಂಡಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಊರುಗಳಿವೆ, ಕುರಿ ಮೇಯಿಸುವ ರೈತರಿದ್ದಾರೆ, ದೊಡ್ಡ ದೊಡ್ಡ ಎಸ್ಟೇಟುಗಳಿವೆ. ನೆಲದ ಬಹುಭಾಗ ಖಾಸಗಿಯವರದು. ಉದ್ಯಾನದ ಪ್ರಾಧಿಕಾರಕ್ಕೆ ಆ ನೆಲದ ಮಾಲೀಕತ್ವವಿಲ್ಲ. ಆದ್ದರಿಂದಲೇ ಅಲ್ಲಿ ಒಂದು ಹೊಸ ಕುದುರೆದಾರಿ ಬೇಕೆಂದರೆ ಪ್ರಾಧಿಕಾರ, ಜಿಲ್ಲಾ ಕೌನ್ಸಿಲು, ಊರಿನ ಸವಾರರ ಸಂಘ, ಜಮೀನಿನ ಒಡೆಯ, ಅವನ ಗೇಣಿದಾರ ಎಲ್ಲರೂ ಸೇರಬೇಕು. ಸಹಕಾರ ಬೇಡ ಎಂದು ನಾನು ಹೇಳುತ್ತಿಲ್ಲ. ಆ ಸಹಕಾರದ ಕೊನೆಯಲ್ಲಿ ಜನರ ಕೈಗೆ ಏನು ಸಿಗುತ್ತದೆ ಎಂಬುದು ನನ್ನ ಪ್ರಶ್ನೆ.

ಎರಡು ಬಗೆಯ ಕಾಗದಗಳು ಸಿಗಬಹುದು. ಒಂದು, ಒಡೆಯ ತನ್ನ ನೆಲದ ಮೇಲಿನ ದಾರಿಯನ್ನು ಸಾರ್ವಜನಿಕರಿಗೆ ಶಾಶ್ವತವಾಗಿ ಬಿಟ್ಟುಕೊಟ್ಟ ಒಪ್ಪಂದ. 1980ರ ಹೆದ್ದಾರಿ ಕಾನೂನಿನ 25ನೇ ಕಲಮಿನಲ್ಲಿ ಇದಕ್ಕೆ ಅವಕಾಶವಿದೆ. ಒಡೆಯ ಒಪ್ಪದಿದ್ದರೆ, ಜನರಿಗೆ ಅಗತ್ಯವಿದೆ ಎಂದು ಕಂಡಲ್ಲಿ, ಪರಿಹಾರ ಕೊಟ್ಟು ದಾರಿ ನಿರ್ಮಿಸಲು 26ನೇ ಕಲಮಿದೆ. ಇನ್ನೊಂದು, ‘ಅನುಮತಿಯ ದಾರಿ’. ಒಡೆಯ ಒಂದು ಫಲಕ ನೆಡುತ್ತಾನೆ: ನನ್ನ ಅನುಮತಿಯಿಂದ ನೀವು ಇಲ್ಲಿ ಹೋಗಬಹುದು. ಬೇಡವೆನಿಸಿದ ದಿನ ಫಲಕ ಕೀಳುತ್ತಾನೆ. ಮೊದಲನೆಯದು ಹಕ್ಕು, ಎರಡನೆಯದು ಮೆಹರಬಾನಿ.

ಮೆಹರಬಾನಿಯಾದರೇನು, ದಾರಿ ಸಿಕ್ಕಿತಲ್ಲ ಎನ್ನುವವರು ಕಾನೂನಿನ ಒಂದು ಒಳಸುಳಿಯನ್ನು ನೋಡಬೇಕು. ಇಂಗ್ಲೆಂಡಿನ ಕಾನೂನಿನ ಪ್ರಕಾರ ಜನ ಒಂದು ದಾರಿಯನ್ನು 20 ವರ್ಷ ನಿರಂತರವಾಗಿ ಬಳಸಿದರೆ ಅದು ಸಾರ್ವಜನಿಕ ದಾರಿಯೆಂದು ಭಾವಿಸಬೇಕು. ಆದರೆ ಆ ಬಳಕೆ ಬಲಾತ್ಕಾರದ್ದಾಗಿರಬಾರದು, ಕದ್ದುಮುಚ್ಚಿದ್ದಾಗಿರಬಾರದು, ಅನುಮತಿ ಪಡೆದದ್ದೂ ಆಗಿರಬಾರದು. ಮೂರನೆಯದನ್ನು ಗಮನಿಸಿ. ಅಪ್ಪಣೆ ಕೇಳದೆ 20 ವರ್ಷ ಹೋದವನಿಗೆ ಹಕ್ಕು ಹುಟ್ಟುತ್ತದೆ. ಅಪ್ಪಣೆ ಕೇಳಿ 200 ವರ್ಷ ಹೋದವನಿಗೆ ಹುಟ್ಟುವುದಿಲ್ಲ. ಅಂದರೆ ಅನುಮತಿಯ ಫಲಕ ಕೇವಲ ಸೌಜನ್ಯವಲ್ಲ, ಹಕ್ಕು ಹುಟ್ಟದಂತೆ ಮಾಡುವ ಮದ್ದು. ವರ್ಷಕ್ಕೆ ಒಂದು ದಿನ ಬೇಕೆಂದೇ ಗೇಟಿಗೆ ಬೀಗ ಹಾಕುವ ಒಡೆಯರು ಅಲ್ಲಿದ್ದಾರೆ. ಆ ಒಂದು ದಿನದ ಬೀಗ ಉಳಿದ 364 ದಿನಗಳ ಸವಾರಿಯನ್ನು ಮೆಹರಬಾನಿಯನ್ನಾಗಿ ಮಾಡಿಬಿಡುತ್ತದೆ.

ಈ ಮೆಹರಬಾನಿಗೆ ಸರಕಾರವೇ ಹಣ ಕೊಟ್ಟದ್ದೂ ಉಂಟು. ಪರಿಸರ ರಕ್ಷಣೆಯ ಹೆಸರಿನ ಯೋಜನೆಗಳಡಿ ತಮ್ಮ ಹೊಲದಲ್ಲಿ ಅನುಮತಿಯ ದಾರಿ ಬಿಟ್ಟ ರೈತರಿಗೆ ಖಜಾನೆಯಿಂದ ಪಾವತಿಯಾಗುತ್ತಿತ್ತು. ಸಂಘಗಳು, ಅಧಿಕಾರಿಗಳು, ರೈತರು ಸೇರಿ ಮಾಡಿದ ಸಹಕಾರದ ಮಾದರಿ ಎಂದು ಅದನ್ನು ಹೊಗಳಲಾಗಿತ್ತು. 2010ರಲ್ಲಿ ಖರ್ಚು ಕಡಿತದ ಕಾಲ ಬಂತು, ಹೊಸ ದಾರಿಗಳಿಗೆ ಹಣ ನಿಂತಿತು. ಹಳೆಯ ಒಪ್ಪಂದಗಳ ಅವಧಿ ಮುಗಿಯುತ್ತಾ ಬಂದಂತೆ ದಾರಿಗಳೂ ಒಂದೊಂದಾಗಿ ಮುಗಿದವು. ಜನರ ತೆರಿಗೆಯ ಹಣ ಹೋಯಿತು, ದಾರಿಯೂ ಹೋಯಿತು. ಅಷ್ಟೇ ಹಣದಲ್ಲಿ ಎಷ್ಟೋ ದಾರಿಗಳನ್ನು ಶಾಶ್ವತವಾಗಿ ಬರೆಸಿಕೊಳ್ಳಬಹುದಿತ್ತಲ್ಲ ಎಂದು ಕೇಳುವವರು ಅಂದು ಕಡಿಮೆ ಇದ್ದರು. ಇಂದೂ ಹೆಚ್ಚಿಲ್ಲ.

ಹಾಗಾದರೆ ಬೇರೆ ಬಗೆಯ ಸಹಕಾರ ಸಾಧ್ಯವೇ? ಸಾಧ್ಯ ಎಂಬುದಕ್ಕೆ ಪೆನೈನ್ ಬೆಟ್ಟಸಾಲಿನಲ್ಲಿ ಸಾಕ್ಷಿ ಇದೆ. 1986ರಲ್ಲಿ ಮೇರಿ ಟೌನ್ಲಿ ಎಂಬ ಮಹಿಳೆ ಇನ್ನಿಬ್ಬರು ಗೆಳತಿಯರೊಡನೆ ನಾರ್ತಂಬರ್‌ಲ್ಯಾಂಡಿನಿಂದ ಡರ್ಬಿಶೈರಿನವರೆಗೆ ಸುಮಾರು 250 ಮೈಲಿ ಕುದುರೆಯ ಮೇಲೆ ಹೋದಳು. ನಕಾಶೆಯಲ್ಲಿರುವ ಕುದುರೆದಾರಿಗಳು ನೆಲದ ಮೇಲೆ ಯಾವ ಗತಿಯಲ್ಲಿವೆ ಎಂದು ಲೋಕಕ್ಕೆ ತೋರಿಸುವುದು ಅವರ ಉದ್ದೇಶ. ಪುರಾತನ ಹೇರು ಕುದುರೆಗಳ ದಾರಿಗಳನ್ನು ಜೋಡಿಸಿ ಒಂದು ದೀರ್ಘ ಕುದುರೆದಾರಿ ಮಾಡಬೇಕೆಂಬ ಬೇಡಿಕೆಗೆ ಆ ಸವಾರಿಯಿಂದ ಬಲ ಬಂತು. ಪೀಕ್ ಡಿಸ್ಟ್ರಿಕ್ಟ್ ಮತ್ತು ಯಾರ್ಕ್‌ಶೈರ್ ಡೇಲ್ಸ್ ಉದ್ಯಾನಗಳನ್ನು ಹಾದುಹೋಗುವ ಈ ದಾರಿಗಾಗಿ ವರ್ಷಾನುಗಟ್ಟಲೆ ಒಬ್ಬೊಬ್ಬ ಒಡೆಯನೊಡನೆ ಮಾತುಕತೆ ನಡೆಯಿತು. ತುಂಡಾಗಿದ್ದ ದಾರಿಗಳ ನಡುವೆ ಹೊಸ ಹಕ್ಕಿನ ದಾರಿಗಳನ್ನು ಬರೆಸಿಕೊಳ್ಳಲಾಯಿತು. ಮೇರಿ 2001ರಲ್ಲಿ ತೀರಿಕೊಂಡಳು. ಮರುವರ್ಷ 47 ಮೈಲಿಯ ಒಂದು ಸುತ್ತುದಾರಿ ಅವಳ ಹೆಸರಿನಲ್ಲೇ ತೆರೆಯಿತು. ಇಂದು ಪೆನೈನ್ ಬ್ರೈಡಲ್‌ವೇಯ ಉದ್ದ ಸುಮಾರು 205 ಮೈಲಿ.

ಅದರ ದಕ್ಷಿಣದ ಆರಂಭವನ್ನು ನೋಡಿದರೆ ಇನ್ನೊಂದು ಪಾಠ ಸಿಗುತ್ತದೆ. ಅಲ್ಲಿ ದಾರಿ ಒಂದು ಹಳೆಯ ರೈಲು ಹಾದಿಯ ಮೇಲೆ ಸಾಗುತ್ತದೆ. 1967ರಲ್ಲಿ ಮುಚ್ಚಿದ ಆ ರೈಲು ಮಾರ್ಗವನ್ನು ಉದ್ಯಾನದ ಆಡಳಿತ ಮಂಡಳಿಯೂ ಡರ್ಬಿಶೈರ್ ಕೌನ್ಸಿಲೂ ಸೇರಿ 1971ರಲ್ಲಿ ಕೊಂಡುಕೊಂಡವು. ಹಳಿ ಕಿತ್ತ ಹಾದಿ ನಡೆಯುವವರಿಗೆ, ಸವಾರರಿಗೆ, ಸೈಕಲ್ಲಿನವರಿಗೆ ತೆರೆಯಿತು. ಅರ್ಧ ಶತಮಾನ ಕಳೆದರೂ ಅದು ತೆರೆದೇ ಇದೆ. ಏಕೆಂದರೆ ಅದು ಯಾರ ಮನಸ್ಸಿನ ಮೇಲೂ ನಿಂತಿಲ್ಲ.

ಕುದುರೆ ಬಂದರೆ ದಾರಿ ಕೆಸರಾಗುತ್ತದೆ, ಮಕ್ಕಳು ಹೆದರುತ್ತಾರೆ, ಹುಲ್ಲು ಹಾಳಾಗುತ್ತದೆ ಎಂಬ ಆಕ್ಷೇಪ ಯಾವಾಗಲೂ ಇದೆ. ಮಳೆಗಾಲದಲ್ಲಿ ಗೊರಸು ಮೆತ್ತನೆಯ ನೆಲವನ್ನು ಕಲಕುವುದು ನಿಜ. ಅದಕ್ಕೆ ನೀರು ಹರಿದುಹೋಗುವ ವ್ಯವಸ್ಥೆ, ಗಟ್ಟಿ ಕಲ್ಲಿನ ಹಾಸು, ಸಾಕಷ್ಟು ಅಗಲ ಇವು ಮದ್ದು, ನಿಷೇಧ ಮದ್ದಲ್ಲ. ಡಾರ್ಟ್‌ಮೂರ್ ಉದ್ಯಾನದ ಸಾಮುದಾಯಿಕ ಬಯಲುಗಳಲ್ಲಿ ಕಾಲ್ನಡಿಗೆಯವರಂತೆಯೇ ಕುದುರೆ ಸವಾರರಿಗೂ ಹಕ್ಕಿದೆ ಎಂದು 1985ರ ವಿಶೇಷ ಕಾನೂನು ಹೇಳಿತು. ನಾಲ್ಕು ದಶಕಗಳಾದರೂ ಆ ಬಯಲು ಬಯಲಾಗಿಯೇ ಇದೆ. ಸ್ಕಾಟ್‌ಲ್ಯಾಂಡ್ 2003ರಲ್ಲಿ ಭೂಸುಧಾರಣಾ ಕಾನೂನು ಮಾಡಿ, ಜವಾಬ್ದಾರಿಯಿಂದ ನಡೆದುಕೊಳ್ಳುವ ಷರತ್ತಿನ ಮೇಲೆ, ಬಹುಪಾಲು ನೆಲದಲ್ಲಿ ನಡೆಯುವವರು, ಸೈಕಲ್ಲಿನವರು, ಸವಾರರು ಮೂವರಿಗೂ ಪ್ರವೇಶದ ಹಕ್ಕು ಕೊಟ್ಟಿತು. ದೊಡ್ಡ ಜಮೀನ್ದಾರರಿಗೆ ಹೆಸರಾದ ದೇಶ ಅದು. ಅಲ್ಲಿ ಆಕಾಶವೇನೂ ಕಳಚಿ ಬೀಳಲಿಲ್ಲ.

ಇಂಗ್ಲೆಂಡಿನ ಕಥೆ ಬೇರೆಯಾಯಿತು. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರಿನ ಬಡ ಕಾರ್ಮಿಕ ಯುವಕರು ಬೆನ್ನಿ ರಾತ್‌ಮನ್ನನ ಮುಂದಾಳತ್ವದಲ್ಲಿ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ನುಗ್ಗಿದರು. ಒಡೆಯರು ಬೇಟೆಗಾಗಿ ಮೀಸಲಿಟ್ಟಿದ್ದ ಬೆಟ್ಟ ಅದು. ಐವರು ಜೈಲು ಸೇರಿದರು. ಆ ಹೋರಾಟದ ಫಲವನ್ನು 2000ದ ಕಾನೂನು ಕೊಟ್ಟಿತು: ಬೆಟ್ಟ, ಬಯಲು, ಕುರುಚಲು ಭೂಮಿಗಳಲ್ಲಿ ಓಡಾಡುವ ಹಕ್ಕು. ಅದು ಇಂಗ್ಲೆಂಡಿನ ನೆಲದ ಶೇಕಡಾ 8ರಷ್ಟಕ್ಕೆ ಮಾತ್ರ. ಅದರಲ್ಲೂ ನಡೆಯುವವರಿಗೆ ಮಾತ್ರ, ಕುದುರೆಗೆ ಇಲ್ಲ. ಅಂದು ನಡೆಯುವವರ ಸಂಘಗಳು ಸವಾರರನ್ನು ಜೊತೆಗೆ ಕರೆದುಕೊಂಡು ಹೋಗಬೇಕಿತ್ತು. ಇವತ್ತಿಗೂ ಒಂದು ಕಾಲುದಾರಿಯನ್ನು ಕುದುರೆದಾರಿಯಾಗಿ ಮೇಲೇರಿಸುವ ಮಾತು ಬಂದಾಗ ಮೊದಲ ತಕರಾರು ಎಷ್ಟೋ ಸಲ ಬರುವುದು ನಡೆಯುವವರಿಂದಲೇ. ಸವಾರರು ಸೈಕಲ್ಲಿನವರನ್ನು ಬಯ್ಯುತ್ತಾರೆ. ಈ ಮೂವರ ಜಗಳದಲ್ಲಿ ಗೇಟಿನ ಒಡೆಯ ನಿಶ್ಚಿಂತೆಯಿಂದ ನಿದ್ದೆ ಮಾಡುತ್ತಾನೆ. ಜನರ ನಡುವಿನ ಸಹಕಾರ ಎಂದರೆ ಮೊದಲು ಈ ಮೂವರ ನಡುವೆ ಆಗಬೇಕಾದದ್ದು.

ಅದೇ 2000ದ ಕಾನೂನಿನಲ್ಲಿ ಇನ್ನೊಂದು ಕತ್ತಿಯೂ ಇತ್ತು. ನಕಾಶೆಗೆ ಬಾರದ ಪುರಾತನ ದಾರಿಗಳನ್ನು 2026ರ ಜನವರಿ 1ರೊಳಗೆ ಸಾಬೀತು ಮಾಡದಿದ್ದರೆ ಅವುಗಳ ಹಕ್ಕು ನಂದಿಹೋಗುತ್ತದೆ ಎಂದು. ‘ಒಮ್ಮೆ ದಾರಿಯಾದದ್ದು ಎಂದೆಂದಿಗೂ ದಾರಿ’ ಎಂಬ ಅಲ್ಲಿನ ಹಳೆಯ ಕಾನೂನು ತತ್ವಕ್ಕೆ ಅದು ಕೊಟ್ಟ ಪೆಟ್ಟು. ಆಗ ಬ್ರಿಟಿಷ್ ಹಾರ್ಸ್ ಸೊಸೈಟಿಯ ಸ್ವಯಂಸೇವಕರು ದಫ್ತರಖಾನೆಗಳಲ್ಲಿ ಕುಳಿತರು. 1836ರ ಕಾನೂನಿನಿಂದ ಹುಟ್ಟಿದ ದಶಮಾಂಶ ತೆರಿಗೆಯ ನಕಾಶೆಗಳು, ಸಾಮುದಾಯಿಕ ನೆಲಕ್ಕೆ ಬೇಲಿ ಹಾಕಿದ ಕಾಲದ ತೀರ್ಪುಗಳು, ರೈಲು ಕಂಪನಿಗಳ ನಕ್ಷೆಗಳು, 1910ರ ಭೂಮೌಲ್ಯದ ದಾಖಲೆಗಳು ಇವನ್ನೆಲ್ಲ ಬಿಡಿಸಿ ಒಂದೊಂದೇ ದಾರಿಯನ್ನು ಹುಡುಕಿದರು. ಸರಕಾರ 2022ರಲ್ಲಿ ಗಡುವು ತೆಗೆಯುತ್ತೇವೆ ಎಂದಿತು, 2023ರಲ್ಲಿ ಮಾತು ಬದಲಿಸಿ 2031ಕ್ಕೆ ಮುಂದೂಡಿತು, ಹೊಸ ಸರಕಾರ ಬಂದು 2024ರ ಡಿಸೆಂಬರಿನಲ್ಲಿ ಗಡುವನ್ನೇ ರದ್ದು ಮಾಡುವುದಾಗಿ ಘೋಷಿಸಿತು. ಇತ್ತ ಸಾವಿರಾರು ಅರ್ಜಿಗಳು ಕೌನ್ಸಿಲುಗಳ ಮೇಜುಗಳ ಮೇಲೆ ವರ್ಷಾನುಗಟ್ಟಲೆ ಕೊಳೆಯುತ್ತಿವೆ. ಗಡುವು ಹೋದರೂ ಅರ್ಜಿ ನೋಡುವ ಗುಮಾಸ್ತರಿಲ್ಲದಿದ್ದರೆ ದಾರಿ ತೆರೆಯುವುದು ಯಾವಾಗ?

ಈ ನಡುವೆ ಒಂದು ಸುಂದರ ಘಟನೆ ನಡೆಯಿತು. ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಬಡವರೂ ಕಪ್ಪು ಜನರೂ ಹೆಚ್ಚಾಗಿರುವ ಬಡಾವಣೆ. ಅಲ್ಲಿ ಮಕ್ಕಳಿಗೆ ಸವಾರಿ ಕಲಿಸುವ ಎಬನಿ ಹಾರ್ಸ್ ಕ್ಲಬ್ಬಿನಲ್ಲಿ ಕಲಿತ ಖದೀಜಾ ಮೆಲ್ಲಾ ಎಂಬ 18ರ ಹುಡುಗಿ 2019ರಲ್ಲಿ ಗುಡ್‌ವುಡ್ಡಿನ ಮ್ಯಾಗ್ನೋಲಿಯಾ ಕಪ್ ಓಟವನ್ನು ಗೆದ್ದಳು, ತಲೆಗೆ ಹಿಜಾಬ್ ಕಟ್ಟಿಕೊಂಡು. ಪತ್ರಿಕೆಗಳೆಲ್ಲ ಸಂಭ್ರಮಿಸಿದವು. ಸಂಭ್ರಮಿಸಬೇಕಾದದ್ದೇ. ಆದರೆ ಒಬ್ಬ ಖದೀಜಾಳ ಫೋಟೋ ಅಚ್ಚು ಹಾಕಿದರೆ ಕೆಲಸ ಮುಗಿಯಲಿಲ್ಲ. ಅಂಥ ಬಡಾವಣೆಯ ಹುಡುಗಿ ಅಂಗಳದ ಸುತ್ತು ಬಿಟ್ಟು ಹೊರಗೆ ಹೋಗಬೇಕೆಂದರೆ ಅವಳ ಕುದುರೆಗೆ ದಾರಿ ಯಾವುದು? ಎಸ್ಟೇಟಿನ ಒಡೆಯನ ಮಗಳಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ.

ರೈತನ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಗೇಟು ತೆರೆದಿಟ್ಟು ಹೋದರೆ ಕುರಿ ರಸ್ತೆಗೆ ಬರುತ್ತವೆ. ದಾರಿ ಬಿಟ್ಟು ಪೈರಿನೊಳಗೆ ಹೋಗುವ ಸವಾರರೂ ಇದ್ದಾರೆ. ಅದಕ್ಕೇ ಕುದುರೆಯ ಮೇಲಿಂದಲೇ ತೆಗೆದು ಮುಚ್ಚಬಹುದಾದ ಗೇಟುಗಳು ಬೇಕು, ರಿಪೇರಿಗೆ ಹಣ ಬೇಕು, ಮುಳ್ಳುಪೊದೆ ಕಡಿಯಲು ಊರಿನ ಸವಾರರೇ ಕುಡುಗೋಲು ಹಿಡಿದು ಬರಬೇಕು. ಎಷ್ಟೋ ಕಡೆ ಬರುತ್ತಿದ್ದಾರೆ ಕೂಡ. ರೈತನಿಗೆ ಪರಿಹಾರ ಕೊಡಿ, ಧಾರಾಳವಾಗಿಯೇ ಕೊಡಿ. ಕೊಟ್ಟ ಮೇಲೆ ಪಕ್ಕಾ ಕಾಗದ ಬರೆಸಿಕೊಳ್ಳಿ. ಹಣ ಕೊಟ್ಟು ಮೆಹರಬಾನಿ ಕೊಳ್ಳುವುದು ದಡ್ಡತನ.

ಡಾರ್ಟ್‌ಮೂರಿನಲ್ಲೇ ಇತ್ತೀಚೆಗೆ ನಡೆದದ್ದು ಈ ಮಾತಿಗೆ ಸಾಕ್ಷಿ. ಅಲ್ಲಿನ ಬಯಲಿನಲ್ಲಿ ರಾತ್ರಿ ಗುಡಾರ ಹಾಕಿ ಮಲಗುವುದು ಜನರ ರೂಢಿ. ಒಬ್ಬ ಒಡೆಯರು ನ್ಯಾಯಾಲಯಕ್ಕೆ ಹೋದರು. 2023ರ ಜನವರಿಯಲ್ಲಿ ಅಂಥ ಹಕ್ಕಿಲ್ಲ ಎಂಬ ತೀರ್ಪು ಬಂತು. ತಕ್ಷಣ ಉದ್ಯಾನದಲ್ಲಿ ‘ಅನುಮತಿ’ಯ ಏರ್ಪಾಡಿನ ಮಾತು ಶುರುವಾಯಿತು. ಜನ ಒಪ್ಪಲಿಲ್ಲ, ಬೀದಿಗಿಳಿದರು. ಉದ್ಯಾನದ ಪ್ರಾಧಿಕಾರ ಮೇಲ್ಮನವಿ ಹಾಕಿತು. ಅದೇ ವರ್ಷ ತೀರ್ಪು ತಿರುಗಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಜನರ ಹಕ್ಕನ್ನು ಎತ್ತಿಹಿಡಿಯಿತು. ಪ್ರಾಧಿಕಾರ ಜನರ ಪಕ್ಕ ನಿಂತು ನ್ಯಾಯಾಲಯದಲ್ಲಿ ಹೋರಾಡಿತಲ್ಲ, ಜನ ಮತ್ತು ಉದ್ಯಾನದ ಸಹಕಾರ ಎಂದರೆ ಇದು. ಅಧಿಕಾರಿಗಳು ಅನುಮತಿಯ ಏರ್ಪಾಡಿಗೇ ತೃಪ್ತರಾಗಿ ಕುಳಿತಿದ್ದರೆ ಆ ಹಕ್ಕು ಸತ್ತೇಹೋಗುತ್ತಿತ್ತು.

ನಮ್ಮ ತಹಶೀಲ್ದಾರ್ ಕಚೇರಿಗಳ ಮುಂದೆ ‘ನಕಾಶೆ ಕಂಡ ದಾರಿ’ ಬಿಡಿಸಿಕೊಡಿ ಎಂದು ಅರ್ಜಿ ಹಿಡಿದು ನಿಲ್ಲುವ ರೈತರಿಗೆ ಇದು ದೂರದ ಕಥೆಯೆನಿಸಲಿಕ್ಕಿಲ್ಲ. ಗ್ರಾಮ ನಕಾಶೆಯಲ್ಲಿ ಗೆರೆ ಇರುವ ಬಂಡಿದಾರಿ, ಸಾರ್ವಜನಿಕರಿಗೆಂದು ಬಿಟ್ಟ ‘ಬಿ’ ಖರಾಬು, ಇವು ಯಾರ ಮೆಹರಬಾನಿಯೂ ಅಲ್ಲ. 20 ವರ್ಷ ಬಹಿರಂಗವಾಗಿ, ಹಕ್ಕಿನಿಂದ ನಡೆದ ದಾರಿಯ ಮಾತು ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯಲ್ಲೂ ಇದೆ. ಅದೂ ಅದೇ ಇಂಗ್ಲಿಷ್ ಕಾನೂನಿನ ಬೇರಿನಿಂದ ಬಂದದ್ದು. ಅಲ್ಲಿ ಕುದುರೆ, ಇಲ್ಲಿ ಎತ್ತಿನ ಬಂಡಿ. ದಾರಿ ಕಳೆದುಕೊಳ್ಳುವ ಬಗೆ ಒಂದೇ.

ಇಂಗ್ಲೆಂಡಿನ ಸವಾರರ ಸಂಘಗಳೂ ಉದ್ಯಾನಗಳ ಪ್ರಾಧಿಕಾರಗಳೂ ಇನ್ನು ಮುಂದೆ ಪ್ರತಿ ಮಾತುಕತೆಯ ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಲಿ: ಇವತ್ತು ಸಹಿ ಹಾಕುವ ಒಡೆಯ ಸತ್ತು, ಅವನ ಮಗ ಜಮೀನು ಮಾರಿ, ಕೊಂಡವನು ಇನ್ನೊಬ್ಬನಿಗೆ ಮಾರಿದ ಮೇಲೂ ಈ ಕುದುರೆದಾರಿ ಇರುತ್ತದೆಯೇ? ಇರುತ್ತದೆ ಎಂದಾದರೆ ಸಹಿ ಹಾಕಲಿ. ಇಲ್ಲವಾದರೆ ಚಹಾ ಕುಡಿದು ಎದ್ದು ಬರಲಿ, ಮರುದಿನ ದಫ್ತರಖಾನೆಗೆ ಹೋಗಿ ಹಳೆಯ ನಕಾಶೆ ಬಿಡಿಸಲಿ.